ಕಲಂ ನಂಬರ್ ಆಮೇಲೆ, ಘಟನೆ ಮೊದಲು: ಕ್ರಿಮಿನಲ್ ಕಾನೂನು ಓದಲು ಶುರು ಮಾಡುವವರಿಗೆ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ವಿಜಯನಗರದ ನಮ್ಮ ಮನೆಯ ಮಹಡಿ ಮೇಲೆ ಆರೇಳು ಜನ ಲಾ ವಿದ್ಯಾರ್ಥಿಗಳು ಸೇರುತ್ತಾರೆ. ಹೊಸದಾಗಿ ಬಂದವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. "ಕಳ್ಳತನ ಅಂದ್ರೆ ಏನು?" ತಕ್ಷಣ ಉತ್ತರ ಬರುತ್ತದೆ, "379 ಸರ್". ಹೊಸ ಕಾನೂನಿನ ಪುಸ್ತಕ ಓದಿದವರು "303 ಸರ್" ಅನ್ನುತ್ತಾರೆ. "ಸರಿ, ನಂಬರ್ ಬಿಟ್ಟು ಹೇಳಿ" ಅಂದರೆ ಎಲ್ಲರೂ ಸುಮ್ಮನಾಗುತ್ತಾರೆ.

ಇದು ಅವರ ತಪ್ಪಲ್ಲ. ಸಿನಿಮಾದಲ್ಲಿ, ಪೇಪರಿನಲ್ಲಿ, ಮನೆಯ ಜಗಳದಲ್ಲಿ ಕೂಡ ನಾವು ಕೇಳುತ್ತಾ ಬೆಳೆದಿದ್ದು ನಂಬರ್‌ಗಳನ್ನೇ. ಆದರೆ ಕೋರ್ಟಿನಲ್ಲಿ ಆಗಲಿ, ಪರೀಕ್ಷೆಯಲ್ಲಿ ಆಗಲಿ, ನಮ್ಮ ಮುಂದೆ ಬರುವುದು ಒಂದು ಘಟನೆ. ಯಾರೋ ಏನೋ ಮಾಡಿದ್ದಾರೆ. ಅದನ್ನು ಯಾವ ಕ್ರಮದಲ್ಲಿ ಬಿಚ್ಚಿ ನೋಡಬೇಕು ಅನ್ನುವುದೇ ಈ ವಿಷಯದ ಜೀವ. ಭಾನುವಾರದ ಪಾಠದಲ್ಲಿ ನಾನು ಹಿಡಿಯುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಯಾವ ಕಾನೂನು ಅನ್ನುವುದನ್ನು ತಾರೀಖು ನೋಡಿ ಹೇಳಿ

2024ರ ಜುಲೈ 1ರಿಂದ ಮೂರು ದೊಡ್ಡ ಕಾನೂನುಗಳು ಬದಲಾಗಿವೆ. 1860ರ ಭಾರತೀಯ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 1872ರ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ. ಕೋರ್ಟಿನ ಓಣಿಯಲ್ಲಿ ಎಲ್ಲರೂ ಬಿಎನ್‌ಎಸ್, ಬಿಎನ್‌ಎಸ್‌ಎಸ್, ಬಿಎಸ್‌ಎ ಅನ್ನುತ್ತಾರೆ. ಹಳೆಯ ಐಪಿಸಿಯಲ್ಲಿ 511 ಕಲಂ ಇದ್ದವು, ಬಿಎನ್‌ಎಸ್‌ನಲ್ಲಿ 358.

ಹಾಗಂತ ಹಳೆಯದು ಸತ್ತುಹೋಗಿಲ್ಲ. ಘಟನೆ 2024ರ ಜುಲೈ 1ಕ್ಕಿಂತ ಮೊದಲು ನಡೆದಿದ್ದರೆ ಅಪರಾಧ ಯಾವುದು, ಶಿಕ್ಷೆ ಎಷ್ಟು ಅನ್ನುವುದನ್ನು ಐಪಿಸಿಯಲ್ಲೇ ನೋಡಬೇಕು. ಇದರ ಹಿಂದೆ ಸಂವಿಧಾನದ 20(1)ನೇ ವಿಧಿ ನಿಂತಿದೆ. ಮಾಡಿದ ದಿನ ಅಪರಾಧ ಅಲ್ಲದ್ದಕ್ಕೆ ಆಮೇಲೆ ಶಿಕ್ಷೆ ಕೊಡುವಂತಿಲ್ಲ, ಆ ದಿನ ಇದ್ದದ್ದಕ್ಕಿಂತ ಜಾಸ್ತಿ ಶಿಕ್ಷೆಯನ್ನೂ ಕೊಡುವಂತಿಲ್ಲ. ನಿರ್ಲಕ್ಷ್ಯದಿಂದ ಸಾವು ತಂದದ್ದಕ್ಕೆ ಐಪಿಸಿ 304ಎ ಪ್ರಕಾರ ಹೆಚ್ಚೆಂದರೆ 2 ವರ್ಷ ಜೈಲು. ಬಿಎನ್‌ಎಸ್ 106(1)ರಲ್ಲಿ ಸಾಮಾನ್ಯವಾಗಿ ಅದು 5 ವರ್ಷದವರೆಗೆ ಏರಿದೆ. ಅಪಘಾತ ಆಗಿದ್ದು 2024ರ ಜೂನ್‌ನಲ್ಲಿ, ತೀರ್ಪು ಬಂದದ್ದು ಎರಡು ವರ್ಷ ಬಿಟ್ಟು ಅಂದುಕೊಳ್ಳಿ. ಆ ಚಾಲಕನಿಗೆ 2 ವರ್ಷಕ್ಕಿಂತ ಹೆಚ್ಚು ಕೊಡಲು ಬರುವುದಿಲ್ಲ.

ಅವೆನ್ಯೂ ರಸ್ತೆಯಲ್ಲಿ ಹಳೆಯ ಐಪಿಸಿ ವ್ಯಾಖ್ಯಾನ ಪುಸ್ತಕ ಕಡಿಮೆ ಬೆಲೆಗೆ ಸಿಕ್ಕರೆ ಧೈರ್ಯವಾಗಿ ತನ್ನಿ. ಕಳ್ಳತನ, ಕೊಲೆ, ಮೋಸ ಇವುಗಳ ವ್ಯಾಖ್ಯೆ ಬಹುಪಾಲು ಹಾಗೇ ಬಂದಿದೆ. ನಂಬರ್ ಮತ್ತು ಶಿಕ್ಷೆಯನ್ನು ಮಾತ್ರ ಹೊಸ ಮೂಲ ಕಾಯ್ದೆಯಲ್ಲಿ ಒಂದೊಂದೇ ಹೊಂದಿಸಿ ನೋಡಿ. ಗೈಡ್ ಪುಸ್ತಕ ಆಮೇಲೆ ಓದಬಹುದು, ಮೂಲ ಕಾಯ್ದೆ ಮಾತ್ರ ಮೊದಲ ದಿನದಿಂದಲೇ ಮೇಜಿನ ಮೇಲಿರಲಿ. ಕಲಂನ ಕೆಳಗೆ ಕೊಟ್ಟಿರುವ ಉದಾಹರಣೆಗಳನ್ನು ಯಾರೂ ಓದುವುದಿಲ್ಲ. ಅವುಗಳಷ್ಟು ಚೆನ್ನಾಗಿ ಪಾಠ ಹೇಳುವ ಮೇಷ್ಟ್ರನ್ನು ನಾನು ಕಂಡಿಲ್ಲ.

ಹೆಜ್ಜೆ 2: ಘಟನೆಯನ್ನು ತುಂಡು ಮಾಡಿ

ಒಂದು ಹೆಲ್ಮೆಟ್ ತೆಗೆದುಕೊಳ್ಳೋಣ. ಗಾಂಧಿ ಬಜಾರಿನಲ್ಲಿ ಒಂದು ದರ್ಶಿನಿ. ಮುಂದೆ ಸಾಲಾಗಿ ಬೈಕ್‌ಗಳು. ಮಂಜು ಕಾಫಿ ಕುಡಿದು ಹೊರಗೆ ಬರುತ್ತಾನೆ. ಪಕ್ಕದ ಬೈಕಿನ ಕನ್ನಡಿಗೆ ನೇತುಹಾಕಿದ್ದ ಕಪ್ಪು ಹೆಲ್ಮೆಟ್ ಹಾಕಿಕೊಂಡು ಹೊರಟುಹೋಗುತ್ತಾನೆ. ಅದು ಸುರೇಶನದು. ಬೆಲೆ 1,500 ರೂಪಾಯಿ.

ಇದು ಕಳ್ಳತನವೇ? ಬಿಎನ್‌ಎಸ್ 303(1) ತೆಗೆದು ತುಂಡು ಮಾಡಿ. ವಸ್ತು ಜರುಗಿಸಲು ಬರುವಂಥದ್ದಾಗಿರಬೇಕು. ಅದು ಇನ್ನೊಬ್ಬರ ಸ್ವಾಧೀನದಲ್ಲಿ ಇರಬೇಕು. ಅವರ ಒಪ್ಪಿಗೆ ಇರಬಾರದು. ತೆಗೆದುಕೊಳ್ಳುವುದಕ್ಕಾಗಿ ಅದನ್ನು ಜಾಗದಿಂದ ಸರಿಸಿರಬೇಕು. ಇಷ್ಟೆಲ್ಲದರ ಜೊತೆ ಅಪ್ರಾಮಾಣಿಕ ಉದ್ದೇಶ ಇರಬೇಕು, ಅಂದರೆ ತನಗೆ ಅನ್ಯಾಯದ ಲಾಭ ಅಥವಾ ಇನ್ನೊಬ್ಬರಿಗೆ ಅನ್ಯಾಯದ ನಷ್ಟ ಮಾಡುವ ಮನಸ್ಸು. ಐದರಲ್ಲಿ ಒಂದು ಬಿದ್ದುಹೋದರೂ ಅದು ಕಳ್ಳತನ ಅಲ್ಲ.

ಈಗ ಘಟನೆಯನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತಾ ಹೋಗಿ. ನಮ್ಮ ಮಹಡಿ ಪಾಠದಲ್ಲಿ ಒಂದು ಇಡೀ ಬೆಳಿಗ್ಗೆ ಇದಕ್ಕೇ ಹೋಗುತ್ತದೆ, ಹೋಗಲೂ ಬೇಕು.

ಮಂಜುವಿನದೂ ಅಂಥದೇ ಕಪ್ಪು ಹೆಲ್ಮೆಟ್. ತನ್ನದೇ ಅಂದುಕೊಂಡು ತೆಗೆದುಕೊಂಡ. ನಾಲ್ಕು ಅಂಶ ಇವೆ, ಅಪ್ರಾಮಾಣಿಕತೆ ಇಲ್ಲ. ಕಳ್ಳತನ ಅಲ್ಲ, ಮುಗಿಯಿತು. ಇಲ್ಲಿ ಬಹಳ ಜನ "ಸಂಗತಿಯ ತಪ್ಪು ಗ್ರಹಿಕೆ" ಅಂತ ಅಪರಾಧದಿಂದ ಪಾರು ಮಾಡುವ ಸಾಮಾನ್ಯ ವಿನಾಯಿತಿಗಳ ಕಡೆ ಓಡುತ್ತಾರೆ. ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ, ಅಪರಾಧದ ಒಂದು ಅಂಶವೇ ಇಲ್ಲವಲ್ಲ.

ಮನೆಗೆ ಹೋದ ಮೇಲೆ ಒಳಗೆ ಸುರೇಶನ ಹೆಸರು, ಫೋನ್ ನಂಬರ್ ಬರೆದಿರುವುದು ಕಾಣುತ್ತದೆ. "ಹೋಗಲಿ ಬಿಡು, ನನ್ನದಕ್ಕಿಂತ ಚೆನ್ನಾಗಿದೆ" ಅಂತ ಇಟ್ಟುಕೊಳ್ಳುತ್ತಾನೆ. ತೆಗೆದುಕೊಂಡಾಗ ಮನಸ್ಸು ಶುದ್ಧವಾಗಿತ್ತು, ಆಮೇಲೆ ಕೆಟ್ಟಿತು. ಇದು ಕಳ್ಳತನ ಅಲ್ಲ, 314ನೇ ಕಲಂನ ಅಪ್ರಾಮಾಣಿಕ ದುರುಪಯೋಗ, ಅಂದರೆ ಕೈಗೆ ಬಂದ ಇನ್ನೊಬ್ಬರ ವಸ್ತುವನ್ನು ತನ್ನದು ಮಾಡಿಕೊಳ್ಳುವುದು. ಕನಿಷ್ಠ 6 ತಿಂಗಳು, ಗರಿಷ್ಠ 2 ವರ್ಷ ಜೈಲು, ಜೊತೆಗೆ ದಂಡ.

ಈಗ, ಮಂಜು ಹೆಲ್ಮೆಟ್ ತಂದೇ ಇಲ್ಲ ಅಂದುಕೊಳ್ಳಿ. ಸೌತ್ ಎಂಡ್ ಸರ್ಕಲ್‌ನಲ್ಲಿ ಪೊಲೀಸರು ಹಿಡಿಯುತ್ತಾರೆ ಅಂತ ಭಯ. ತನ್ನದಲ್ಲ ಅಂತ ಗೊತ್ತಿದ್ದೂ, "ಸಂಜೆ ವಾಪಸ್ ತಂದಿಡ್ತೀನಿ" ಅಂದುಕೊಂಡು ಸುರೇಶನದನ್ನು ತೆಗೆದುಕೊಂಡು ಹೋಗುತ್ತಾನೆ. ಇಲ್ಲಿ ತರಗತಿ ಎರಡು ಭಾಗ ಆಗುತ್ತದೆ. ಉತ್ತರ ಪ್ಯಾರೇಲಾಲ್ ಭಾರ್ಗವ ಪ್ರಕರಣದಲ್ಲಿದೆ, 1963. ರಾಜಸ್ಥಾನದ ಮುಖ್ಯ ಎಂಜಿನಿಯರ್ ಕಚೇರಿಯ ಸೂಪರಿಂಟೆಂಡೆಂಟ್ ಒಬ್ಬರು ಕಡತವನ್ನು ಮನೆಗೆ ಒಯ್ದು, ಹೊರಗಿನವರ ಕೈಗೆ ಕೊಟ್ಟು, ಮರುದಿನ ವಾಪಸ್ ಇಟ್ಟಿದ್ದರು. ಸ್ವಲ್ಪ ಹೊತ್ತಿಗೆ ತೆಗೆದುಕೊಂಡರೂ ಅಷ್ಟು ಹೊತ್ತು ಸ್ವಾಧೀನ ತಪ್ಪಿಸಿದಂತೆಯೇ, ಅದೂ ಕಳ್ಳತನವೇ ಎಂದಿತು ಸುಪ್ರೀಂ ಕೋರ್ಟ್. ಸಂಜೆ ತಂದಿಡುವ ಮಾತು ಮಂಜುವನ್ನು ಕಾಪಾಡುವುದಿಲ್ಲ.

ಇನ್ನೊಂದು. ಸುರೇಶ ನೋಡಿ ಓಡಿಬರುತ್ತಾನೆ. ಹೆಲ್ಮೆಟ್ ಕೈಬಿಡದೆ ಮಂಜು ಅವನನ್ನು ಬೇಕೆಂತಲೇ ತಳ್ಳುತ್ತಾನೆ, ಸುರೇಶನ ಮೊಣಕೈ ತರಚುತ್ತದೆ. ಕದ್ದ ಮಾಲನ್ನು ಒಯ್ಯುವುದಕ್ಕಾಗಿ ಗಾಯ ಮಾಡಿದ. ಈಗ ಅದು 309ರ ಸುಲಿಗೆ, 10 ವರ್ಷದವರೆಗೆ ಕಠಿಣ ಸಜೆ. ಒಂದೇ ಒಂದು ತಳ್ಳುವಿಕೆ ಕಳ್ಳತನ ಅನ್ನುವ 3 ವರ್ಷದ ಅಪರಾಧವನ್ನು 10 ವರ್ಷದ್ದನ್ನಾಗಿ ಮಾಡಿತು. ಇದಕ್ಕೇ ನಾನು ಸಮಸ್ಯೆಯನ್ನು ಎರಡು ಸಲ ಓದಿ ಅನ್ನುವುದು. ಪ್ರಶ್ನೆ ತೆಗೆಯುವವರು ಇಂಥ ಒಂದು ಪದವನ್ನು ನಡುವೆ ಇಟ್ಟಿರುತ್ತಾರೆ.

ಬಿಎನ್‌ಎಸ್ ತಂದ ಎರಡು ಹೊಸ ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ಅಪರಾಧಿ ಆಗಿದ್ದು, ಮಾಲು ಅಥವಾ ಅದರ ಬೆಲೆ ಹಿಂತಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಮತ್ತೆ, ನಮ್ಮ ಊರಿನ ಸರಗಳ್ಳತನ, ಮೊಬೈಲ್ ಕಸಿಯುವುದು ಇಂಥದ್ದಕ್ಕೆ 304 ಅಂತ ಪ್ರತ್ಯೇಕ ಕಲಂ ಬಂದಿದೆ. ಮೊದಲು ಅದನ್ನು ಕಳ್ಳತನಕ್ಕೋ ಸುಲಿಗೆಗೋ ಸೇರಿಸಬೇಕಾಗಿತ್ತು.

ಹೆಜ್ಜೆ 3: ಕೈ ಮಾಡಿದ್ದು ಬೇರೆ, ಮನಸ್ಸಿನಲ್ಲಿದ್ದದ್ದು ಬೇರೆ

ಎಲ್ಲ ಪುಸ್ತಕಗಳೂ ಆಕ್ಟಸ್ ರಿಯಸ್, ಮೆನ್ಸ್ ರಿಯಾ ಅನ್ನುವ ಲ್ಯಾಟಿನ್ ಪದಗಳಿಂದಲೇ ಶುರುವಾಗುತ್ತವೆ. ಕೃತ್ಯ ಮತ್ತು ದುರುದ್ದೇಶ ಅಂದರೆ ಸಾಕು. ಎರಡೂ ಒಂದೇ ಹೊತ್ತಿನಲ್ಲಿ ಸೇರಿರಬೇಕು ಅನ್ನುವುದನ್ನು ಹೆಲ್ಮೆಟ್ಟಿನಲ್ಲಿ ಈಗಾಗಲೇ ನೋಡಿದಿರಿ. ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸುವಂಥ ಕೆಲವು ತಪ್ಪುಗಳಿಗೆ ಮನಸ್ಸು ಹೇಗಿತ್ತು ಅಂತ ಯಾರೂ ಕೇಳುವುದಿಲ್ಲ. ಅವು ಬೇರೆ ಜಾತಿ.

ಮನಸ್ಸಿನಲ್ಲೂ ಮೆಟ್ಟಿಲುಗಳಿವೆ. ಬೇಕೆಂತಲೇ ಮಾಡುವುದು ಉದ್ದೇಶ. ಹೀಗಾಗುತ್ತದೆ ಅಂತ ಗೊತ್ತಿದ್ದೂ ಮಾಡುವುದು ಅರಿವು. ನೋಡಿ ಮಾಡಬೇಕಾದದ್ದನ್ನು ನೋಡದೆ ಮಾಡುವುದು ನಿರ್ಲಕ್ಷ್ಯ. ಸಿಲ್ಕ್ ಬೋರ್ಡ್ ಕಡೆ ಟ್ರಾಫಿಕ್ ತಪ್ಪಿಸಲು ಒಬ್ಬ ಫುಟ್‌ಪಾತ್ ಮೇಲೆ ಬೈಕ್ ಹತ್ತಿಸಿ ವೃದ್ಧರೊಬ್ಬರಿಗೆ ಡಿಕ್ಕಿ ಹೊಡೆದು ಅವರು ತೀರಿಕೊಂಡರೆ ಅದು ಸಾಮಾನ್ಯವಾಗಿ 106ರ ನಿರ್ಲಕ್ಷ್ಯ. ಅದೇ ಮನುಷ್ಯ ಹಳೇ ದ್ವೇಷದಿಂದ ಕಾದಿದ್ದು ಗುರಿಯಿಟ್ಟು ಗುದ್ದಿದರೆ ಕೊಲೆ, ಶಿಕ್ಷೆ 103ರಲ್ಲಿ. ಹೊರಗಿನಿಂದ ನೋಡಿದರೆ ಎರಡೂ ಬೈಕ್ ಡಿಕ್ಕಿಯೇ.

ಕೊಲೆ ಮತ್ತು ಕೊಲೆಯಲ್ಲದ ನರಹತ್ಯೆ ಎಲ್ಲರನ್ನೂ ಕಾಡುವ ಜಾಗ. 100 (ನರಹತ್ಯೆ) ಮತ್ತು 101 (ಕೊಲೆ), ಈ ಎರಡು ವ್ಯಾಖ್ಯೆಯ ಕಲಂಗಳನ್ನು ಪಕ್ಕಪಕ್ಕ ಎರಡು ಹಾಳೆಯಲ್ಲಿ ಕೈಯಾರೆ ಬರೆದುಕೊಳ್ಳಿ. ಟೈಪ್ ಮಾಡಬೇಡಿ, ಬರೆಯಿರಿ. ಆಮೇಲೆ 1958ರ ವಿರ್ಸಾ ಸಿಂಗ್ ತೀರ್ಪು ಓದಿ, ಚಿಕ್ಕದು. ಹೊಟ್ಟೆಗೆ ಭರ್ಜಿಯಿಂದ ಒಂದೇ ತಿವಿತ. ಕೊಲ್ಲುವ ಉದ್ದೇಶ ಇತ್ತೋ ಇಲ್ಲವೋ ಅನ್ನುವುದು ಅಲ್ಲಿ ಪ್ರಶ್ನೆಯಾಗಲಿಲ್ಲ. ಆ ಗಾಯವನ್ನೇ ಮಾಡಬೇಕೆಂದು ಮಾಡಿದ್ದಾನಾ? ಆ ಗಾಯ ಸಹಜವಾಗಿ ಸಾವು ತರಲು ಸಾಕಾ? ಎರಡಕ್ಕೂ ಹೌದು ಅಂದರೆ ಕೊಲೆ. ಇವತ್ತಿಗೂ ವಕೀಲರು ಇದನ್ನೇ ಇಟ್ಟುಕೊಂಡು ವಾದ ಮಾಡುತ್ತಾರೆ.

ಉದ್ದೇಶ ಮತ್ತು ಕಾರಣವನ್ನು ಬೆರೆಸಬೇಡಿ. ಮಗಳ ಫೀಸು ಕಟ್ಟಲು ಕದ್ದರೂ ಕಳ್ಳತನವೇ. ಆ ಕಷ್ಟ ಶಿಕ್ಷೆಯ ಪ್ರಮಾಣ ಹೇಳುವಾಗ ನ್ಯಾಯಾಧೀಶರ ಮನಸ್ಸಿಗೆ ಬರಬಹುದು, ಅಪರಾಧ ಹೌದೋ ಅಲ್ಲವೋ ಅನ್ನುವಲ್ಲಿ ಬರುವುದಿಲ್ಲ.

ಹೆಜ್ಜೆ 4: ಎಲ್ಲಿಯವರೆಗೆ ಹೋಗಿದ್ದ?

ಯೋಚನೆಗೆ ಶಿಕ್ಷೆ ಇಲ್ಲ. ತಯಾರಿಗೆ ಸಾಮಾನ್ಯವಾಗಿ ಇಲ್ಲ. ಪ್ರಯತ್ನಕ್ಕೆ ಇದೆ, 62ನೇ ಕಲಂ. ತಯಾರಿಗೂ ಶಿಕ್ಷೆ ಇರುವ ಒಂದನ್ನು ನೀವು ಪೇಪರಿನಲ್ಲಿ ಎಷ್ಟೋ ಸಲ ಓದಿದ್ದೀರಿ, "ದರೋಡೆಗೆ ಸಂಚು ರೂಪಿಸುತ್ತಿದ್ದವರ ಬಂಧನ". ಐಪಿಸಿ 399, ಈಗ 310(4).

ಮೆಜೆಸ್ಟಿಕ್‌ನಲ್ಲಿ ತುಂಬಿದ ಬಿಎಂಟಿಸಿ ಬಸ್. ಒಬ್ಬ ಪಕ್ಕದವರ ಜೇಬಿಗೆ ಕೈ ಹಾಕುತ್ತಾನೆ. ಜೇಬಿನಲ್ಲಿ ಏನೂ ಇಲ್ಲ. ಅಪರಾಧವೇ? ಹೌದು, ಕಳ್ಳತನದ ಪ್ರಯತ್ನ. ಖಾಲಿ ಜೇಬಿನ ಈ ಉದಾಹರಣೆ ಕಾಯ್ದೆಯಲ್ಲೇ ಇದೆ, ಬಸ್ಸನ್ನು ಮಾತ್ರ ನಾನು ಸೇರಿಸಿದೆ.

ತಯಾರಿ ಎಲ್ಲಿ ಮುಗಿಯಿತು, ಪ್ರಯತ್ನ ಎಲ್ಲಿ ಶುರುವಾಯಿತು ಅನ್ನುವುದಕ್ಕೆ 1961ರ ಅಭಯಾನಂದ ಮಿಶ್ರಾ ತೀರ್ಪು ಓದಿ. ಪದವಿ ಇಲ್ಲದೆಯೇ ಇದೆ ಅಂತ ಸುಳ್ಳು ದಾಖಲೆ ಕೊಟ್ಟು ಪಟ್ನಾ ವಿಶ್ವವಿದ್ಯಾಲಯದ ಎಂಎ ಪರೀಕ್ಷೆಗೆ ಅರ್ಜಿ ಹಾಕಿದ್ದ. ಪರೀಕ್ಷೆ ಬರೆಯುವ ಮೊದಲೇ ಸಿಕ್ಕಿಬಿದ್ದ. ಅರ್ಜಿ ಕಳಿಸಿದಾಗಲೇ ತಯಾರಿ ಮುಗಿದು ಪ್ರಯತ್ನ ಶುರುವಾಗಿತ್ತು ಎಂದು ಕೋರ್ಟ್ ಹೇಳಿತು.

ಹೆಜ್ಜೆ 5: ಜೊತೆಗೆ ಯಾರಿದ್ದರು?

ಘಟನೆಯಲ್ಲಿ ಇಬ್ಬರು ಕಂಡರೆ 3(5), ಅಂದರೆ ಸಮಾನ ಉದ್ದೇಶ. ಐದು ಅಥವಾ ಜಾಸ್ತಿ ಜನರಿದ್ದರೆ 190, ಅಕ್ರಮ ಕೂಟ. ಮೊದಲೇ ಮಾತಾಡಿಕೊಂಡಿದ್ದರೆ 61, ಒಳಸಂಚು. ಚಿತಾಯಿಸಿದ್ದರೆ ಅಥವಾ ಸಹಾಯ ಮಾಡಿದ್ದರೆ 45, ಪ್ರಚೋದನೆ. "ನಾನು ಹೊರಗೆ ನಿಂತಿದ್ದೆ ಅಷ್ಟೇ" ಅನ್ನುವ ಮಾತು ಸುಮಾರು ನೂರು ವರ್ಷದ ಹಿಂದೆಯೇ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅತ್ಯುನ್ನತ ಕೋರ್ಟ್) ಮುಂದೆ ಬಂದು ಸೋತಿದೆ, ಬರೇಂದ್ರ ಕುಮಾರ್ ಘೋಷ್ ಪ್ರಕರಣದಲ್ಲಿ. ಗುಂಡು ಹಾರಿಸಿ ಪೋಸ್ಟ್‌ಮಾಸ್ಟರರನ್ನು ಕೊಂದ ಗುಂಪಿನ ಜೊತೆ ಬಂದು ಹೊರಗೆ ನಿಂತವನೂ ಕೊಲೆಗೆ ಹೊಣೆಯಾದ.

ಹೆಜ್ಜೆ 6: ವಿನಾಯಿತಿಯನ್ನು ಕೊನೆಗೆ ನೋಡಿ

ಅಪರಾಧದ ಎಲ್ಲ ಅಂಶ ಸಿಕ್ಕ ಮೇಲೆ ಮಾತ್ರ 14ರಿಂದ 44ರವರೆಗಿನ ಕಲಂಗಳಿಗೆ ಬನ್ನಿ. 7 ವರ್ಷದೊಳಗಿನ ಮಗು ಮಾಡಿದ್ದು ಅಪರಾಧ ಅಲ್ಲ. 7ರಿಂದ 12ರ ನಡುವೆ ತಿಳುವಳಿಕೆ ಎಷ್ಟಿತ್ತು ನೋಡಬೇಕು. 18ರೊಳಗಿನವರಿಗೆ ಬಾಲ ನ್ಯಾಯ ಕಾಯ್ದೆಯ ದಾರಿಯೇ ಬೇರೆ. ತಾನೇ ಕುಡಿದು ಬಂದವನಿಗೆ ಅಮಲು ನೆಪ ಆಗುವುದಿಲ್ಲ. "ಕಾನೂನು ಗೊತ್ತಿರಲಿಲ್ಲ" ಅನ್ನುವುದೂ ನಡೆಯುವುದಿಲ್ಲ.

ಆತ್ಮರಕ್ಷಣೆ ಹೆಚ್ಚು ಕೇಳುವ ಪ್ರಶ್ನೆ. ಎರಡು ಮಿತಿ ನೆನಪಿಡಿ. ಪೊಲೀಸರ ನೆರವು ಪಡೆಯಲು ಸಮಯ ಇದ್ದಾಗ ಈ ಹಕ್ಕು ಇಲ್ಲ, ಮತ್ತು ರಕ್ಷಣೆಗೆ ಬೇಕಾದಷ್ಟಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಹೆಲ್ಮೆಟ್ ಕಿತ್ತುಕೊಂಡು ಓಡುತ್ತಿರುವವನನ್ನು ಹಿಡಿದು ನಿಲ್ಲಿಸಬಹುದು. ಹಿಡಿದ ಮೇಲೆ ಹತ್ತು ಜನ ಸೇರಿ ಹೊಡೆಯುವುದು ರಕ್ಷಣೆ ಅಲ್ಲ, ಅದು ಹೊಸ ಅಪರಾಧ. ಇದನ್ನು ನಾನು ಪ್ರತಿ ತಂಡಕ್ಕೂ ಒತ್ತಿ ಹೇಳುತ್ತೇನೆ, ಯಾಕೆಂದರೆ ಕಳ್ಳನನ್ನು ಹೊಡೆಯುವುದು ತಪ್ಪೇ ಅಲ್ಲ ಅಂತ ಓದಿದವರೂ ನಂಬಿಕೊಂಡಿದ್ದಾರೆ.

ಹೆಜ್ಜೆ 7: ರುಜುವಾತು ಯಾರ ತಲೆ ಮೇಲೆ?

ಆರೋಪಿ ಬೇರೆ, ಅಪರಾಧಿ ಬೇರೆ. ಎಫ್‌ಐಆರ್ ಆದವರೆಲ್ಲ ತಪ್ಪಿತಸ್ಥರಲ್ಲ. ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತು ಮಾಡುವ ಹೊರೆ ಸರ್ಕಾರದ ಮೇಲೆ. ಆರೋಪಿ ಬಾಯಿ ಬಿಡದೆ ಕೂತರೂ ಈ ಹೊರೆ ಇಳಿಯುವುದಿಲ್ಲ. ವಿನಾಯಿತಿ ಕೇಳುವವನು ಅದನ್ನು ತೋರಿಸಬೇಕು, ಆದರೆ ಅವನಿಗೆ ಅಷ್ಟು ಕಟ್ಟುನಿಟ್ಟು ಇಲ್ಲ, ಹೀಗಿದ್ದಿರಬಹುದು ಎಂದು ನಂಬುವಷ್ಟು ತೋರಿಸಿದರೆ ಸಾಕು.

"ವಿಚಾರಣೆ ವೇಳೆ ಪೊಲೀಸರೆದುರು ತಪ್ಪೊಪ್ಪಿಕೊಂಡಿದ್ದಾನೆ" ಅಂತ ಪೇಪರಿನಲ್ಲಿ ಬಂದರೆ ಓದುಗರು ಕೇಸ್ ಮುಗಿಯಿತು ಅಂದುಕೊಳ್ಳುತ್ತಾರೆ, ಅಲ್ವಾ? ನೀವು ಹಾಗೆ ಅಂದುಕೊಳ್ಳಬೇಡಿ. ಸಾಕ್ಷ್ಯ ಅಧಿನಿಯಮದ 23ನೇ ಕಲಂ ಪ್ರಕಾರ ಪೊಲೀಸ್ ಅಧಿಕಾರಿಗೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ. "ಸರವನ್ನು ಮನೆ ಹಿಂದಿನ ತುಳಸಿ ಕಟ್ಟೆ ಹತ್ತಿರ ಹೂತಿದ್ದೇನೆ" ಎಂದು ಕಸ್ಟಡಿಯಲ್ಲಿ ಹೇಳಿ, ಅಲ್ಲಿ ಅಗೆದಾಗ ಸರ ಸಿಕ್ಕರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಮಾತ್ರ ಸಾಕ್ಷ್ಯವಾಗಿ ಒಳಗೆ ಬರುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಕಲಂ ಇದೇ.

ನಮ್ಮ ರಾಜ್ಯದ ಹೆಸರಿರುವ ದೊಡ್ಡ ತೀರ್ಪೊಂದು ಇಲ್ಲಿದೆ, 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ಒಪ್ಪಿಗೆ ಇಲ್ಲದೆ ನಾರ್ಕೋ, ಪಾಲಿಗ್ರಾಫ್, ಬ್ರೇನ್ ಮ್ಯಾಪಿಂಗ್ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದು ಅನ್ನುವ ಸಂವಿಧಾನದ 20(3)ನೇ ವಿಧಿ ಅದರ ಬುನಾದಿ.

ಹೆಜ್ಜೆ 8: ಒಂದು ದಿನ ಕೋರ್ಟಿನಲ್ಲಿ ಕೂತು ಬನ್ನಿ

ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟ್‌ಗಳು, ಕೆಜಿ ರಸ್ತೆ ಕಡೆಯ ಸಿಟಿ ಸಿವಿಲ್ ಮತ್ತು ಸೆಷನ್ಸ್ ಕೋರ್ಟ್. ಎರಡೂ ಮೆಜೆಸ್ಟಿಕ್‌ನಿಂದ ದೂರವಿಲ್ಲ. ಕೋರ್ಟ್ ಎಲ್ಲರಿಗೂ ತೆರೆದಿರುತ್ತದೆ, ಅತ್ಯಾಚಾರ ಮತ್ತು ಪೋಕ್ಸೊದಂಥ ಪ್ರಕರಣಗಳನ್ನು ಬಿಟ್ಟು. ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಹೋಗಿ, ಫೋನ್ ಆಫ್ ಮಾಡಿ, ಹಿಂದಿನ ಬೆಂಚಿನಲ್ಲಿ ಕೂರಿ. ಬೆಂಚ್ ಕ್ಲರ್ಕ್ ಕೇಸ್ ಕೂಗುವುದು, ವಾರಂಟ್, ವಾಯಿದಾ, ಶ್ಯೂರಿಟಿ, ಪಾಟಿ ಸವಾಲು, ಈ ಮಾತುಗಳು ಒಂದೇ ಬೆಳಿಗ್ಗೆ ಕಿವಿಗೆ ಹತ್ತುತ್ತವೆ. ಇನ್ನೂ ಐಪಿಸಿ 420, 392 ಅನ್ನುವುದೂ ಕೇಳುತ್ತದೆ. ಯಾಕೆ ಅಂತ ಮೊದಲ ಹೆಜ್ಜೆಯಲ್ಲೇ ಓದಿದ್ದೀರಿ.

ನನ್ನ ಮೊದಲ ವರ್ಷದಲ್ಲಿ ಕಂಡದ್ದು ಇವತ್ತಿಗೂ ಕಣ್ಣ ಮುಂದಿದೆ. ಮಹಜರಿಗೆ (ಮಾಲು ಸಿಕ್ಕಿದ್ದನ್ನು ಸಾಕ್ಷಿಗಳೆದುರು ಪೊಲೀಸರು ಬರೆಯುವ ದಾಖಲೆ) ಸಹಿ ಹಾಕಿದ್ದ ತರಕಾರಿ ವ್ಯಾಪಾರಿಯೊಬ್ಬರು ಸಾಕ್ಷಿ ಕಟ್ಟೆಯಲ್ಲಿ ನಿಂತಿದ್ದರು. ಕೈಯಲ್ಲಿ ಮಡಿಸಿದ ಟವೆಲ್. ಸರ್ಕಾರಿ ವಕೀಲರು ಕಾಗದ ತೋರಿಸಿದರು. "ಸಹಿ ನಂದೇ ಸ್ವಾಮಿ. ಅದರಲ್ಲಿ ಏನು ಬರೆದಿದ್ರೋ ಗೊತ್ತಿಲ್ಲ. ಸ್ಟೇಷನ್‌ಗೆ ಕರೆದು ಹಾಕು ಅಂದ್ರು, ಹಾಕಿದೆ." ಸರ್ಕಾರಿ ವಕೀಲರು ತಲೆಯೆತ್ತಿ, ಸಾಕ್ಷಿ ಪ್ರತಿಕೂಲ, ಅಂದರೆ ಕರೆಸಿದವರ ವಿರುದ್ಧವೇ ತಿರುಗಿದ್ದಾರೆ, ಎಂದು ಪರಿಗಣಿಸಬೇಕೆಂದು ಕೇಳಿಕೊಂಡರು. ಮಾಲು ಆರೋಪಿಯ ಹತ್ತಿರವೇ ಸಿಕ್ಕಿತು ಅನ್ನುವ ಇಡೀ ಕಥೆ ಆ ಒಂದು ಸಹಿಯ ಮೇಲೆ ನಿಂತಿತ್ತು. ಪುಸ್ತಕದಲ್ಲಿ ಹತ್ತು ಸಲ ಓದಿದರೂ ಅರ್ಥವಾಗದ ರುಜುವಾತಿನ ಹೊರೆ ಅವತ್ತು ನನಗೆ ಅರ್ಥವಾಯಿತು.

ಹೆಜ್ಜೆ 9: ಉತ್ತರ ಬರೆಯುವುದು

ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಆದರೆ ಪೂರ್ತಿ ಒಂದೇ ಭಾಷೆಯಲ್ಲಿ ಬರೆಯಬೇಕು. ಕನ್ನಡದಲ್ಲಿ ಬರೆದರೆ ಮಾರ್ಕ್ಸ್ ಕಡಿಮೆ ಬರುತ್ತದೆ ಅಂತ ಹೆದರಬೇಡಿ. ಗೊತ್ತಿರುವ ಭಾಷೆಯಲ್ಲಿ ಬಿಚ್ಚಿ ಬರೆದ ಉತ್ತರ ಬಾಯಿಪಾಠದ ಇಂಗ್ಲಿಷಿಗಿಂತ ಎಷ್ಟೋ ಗಟ್ಟಿಯಾಗಿರುತ್ತದೆ.

ಸಂಜೆ ತಂದಿಡುವ ಹೆಲ್ಮೆಟ್ಟಿಗೆ ಉತ್ತರ ಹೀಗಿರಲಿ: "ಪ್ರಶ್ನೆ: ತಾತ್ಕಾಲಿಕವಾಗಿ ವಸ್ತು ಒಯ್ದರೆ ಕಳ್ಳತನ ಆಗುತ್ತದೆಯೇ? ಕಾನೂನು: ಬಿಎನ್‌ಎಸ್ 303(1), ಅದರ ಐದು ಅಂಶಗಳು. ಅನ್ವಯ: ಹೆಲ್ಮೆಟ್ ಚರ ವಸ್ತು. ಸುರೇಶ ಒಳಗೆ ಕಾಫಿ ಕುಡಿಯುತ್ತಿದ್ದರೂ ಸ್ವಾಧೀನ ಅವನದೇ. ಒಪ್ಪಿಗೆ ಇಲ್ಲ. ಕನ್ನಡಿಯಿಂದ ತೆಗೆದಾಗಲೇ ಸರಿಸಿದಂತಾಯಿತು. ತನ್ನದಲ್ಲ ಎಂದು ಮಂಜುವಿಗೆ ಗೊತ್ತಿತ್ತು, ಸುರೇಶನಿಗೆ ಅಷ್ಟು ಹೊತ್ತು ನಷ್ಟವಾಯಿತು. ಪ್ಯಾರೇಲಾಲ್ ಭಾರ್ಗವ, 1963. ತೀರ್ಮಾನ: ಮಂಜು ಕಳ್ಳತನದ ಅಪರಾಧಿ. ಬೆಲೆ 5,000ಕ್ಕಿಂತ ಕಡಿಮೆ, ಮೊದಲ ಅಪರಾಧವಾಗಿದ್ದು ಹೆಲ್ಮೆಟ್ ಹಿಂತಿರುಗಿಸಿದರೆ ಸಮುದಾಯ ಸೇವೆ." ಅನ್ವಯದ ಭಾಗ ಎಲ್ಲಕ್ಕಿಂತ ಉದ್ದ ಇದೆ ಗಮನಿಸಿ. ವಿದ್ಯಾರ್ಥಿಗಳು ಉಲ್ಟಾ ಮಾಡುತ್ತಾರೆ, ಕಲಂ ಅನ್ನು ಪೂರ್ತಿ ಬರೆದು ಅನ್ವಯಕ್ಕೆ ಒಂದು ಸಾಲು ಕೊಡುತ್ತಾರೆ.

ಇದನ್ನು ನೀವೇ ಬರೆದು ನೋಡಿ. ಗೀತಾ ತನ್ನ ಸ್ಕೂಟರ್ ಅನ್ನು ರಾಜಾಜಿನಗರದ ಗ್ಯಾರೇಜಿಗೆ ಬಿಟ್ಟಿದ್ದಾಳೆ. ರಿಪೇರಿ ಮುಗಿದಿದೆ. 2,400 ರೂಪಾಯಿ ಕೊಡುವವರೆಗೆ ಗಾಡಿ ಕೊಡುವುದಿಲ್ಲ ಎಂದು ಮೆಕ್ಯಾನಿಕ್ ಹೇಳಿದ್ದಾನೆ. ಅವನು ಊಟಕ್ಕೆ ಹೋದಾಗ ಗೀತಾ ಇನ್ನೊಂದು ಕೀಯಿಂದ ಸ್ಕೂಟರ್ ಸ್ಟಾರ್ಟ್ ಮಾಡಿ ಹೊರಟುಹೋಗುತ್ತಾಳೆ. ಅವನು ವಾಪಸ್ ಬರುತ್ತಾನಾ ಎಂದು ಗೆಳತಿ ಶಾಲಿನಿ ರಸ್ತೆ ತುದಿಯಲ್ಲಿ ನಿಂತು ನೋಡಿಕೊಂಡಿದ್ದಳು. ಸ್ಕೂಟರ್ ಗೀತಾಳದೇ. ಬರೆಯುವ ಮೊದಲು 303ರ ಕೆಳಗೆ ಗಡಿಯಾರ ರಿಪೇರಿಯ ಉದಾಹರಣೆಗಳಿವೆ, ಅವನ್ನು ಓದಿ. ಶಾಲಿನಿಗೆ 3(5) ನೋಡಿ. ಒಂದೂವರೆ ಪುಟ, ಇಪ್ಪತ್ತು ನಿಮಿಷ.